ಸೈಕಲ್ಲಿನ ಮೇಲಿನ ನಮಸ್ಕಾರ: ಒಂದು ಚಾರಿತ್ರಿಕ ನೋಟ



ದಾರಿಯಲ್ಲಿ ಎದುರಾದವರನ್ನು ಮಾತನಾಡಿಸದೆ ಮುಂದೆ ಸಾಗುವುದು ನಮ್ಮ ಹಿರಿಯರ ದೃಷ್ಟಿಯಲ್ಲಿ ಅವಿನಯವೆನಿಸಿತ್ತು. ‘ಎಲ್ಲಿಗೆ ಹೊರಟಿರಿ?’, ‘ಊಟ ಆಯಿತೆ?’, ‘ಮಳೆ ಹೇಗಿದೆ ನಿಮ್ಮ ಕಡೆ?’ ಎಂಬ ಪ್ರಶ್ನೆಗಳೇ ನಮ್ಮ ಹಳ್ಳಿಗಳ ನಮಸ್ಕಾರ. ಉತ್ತರ ಕರ್ನಾಟಕದ ಕಡೆ ‘ಶರಣ್ರೀ’ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿಯುತ್ತಿತ್ತು. ಎಲ್ಲಿಗೆ ಹೊರಟಿರೆಂದು ಕೇಳಿದವರಿಗೆ ನಿಜವಾಗಿ ಆ ವಿವರ ಬೇಕಾಗಿರುತ್ತಿರಲಿಲ್ಲ. ‘ನಿಮ್ಮನ್ನು ಕಂಡೆ’ ಎಂದು ತಿಳಿಸುವುದಷ್ಟೇ ಅದರ ಉದ್ದೇಶ. ಆದರೆ ಇದು ನಡೆದು ಹೋಗುವವರ ರೀತಿ. ಮನುಷ್ಯ ಚಕ್ರದ ಮೇಲೆ ಕುಳಿತು ಸಾಗತೊಡಗಿದ ಮೇಲೆ ಈ ರೀತಿ ಏನಾಯಿತು?

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಬೆಳಗಿನ ಹೊತ್ತು ಸೈಕಲ್ ತುಳಿಯುವ ಅಭ್ಯಾಸ ಮಾಡಿಕೊಂಡಿದ್ದಾರೆ. ರಜೆಯ ದಿನಗಳಲ್ಲಿ ನಂದಿ ಬೆಟ್ಟದವರೆಗೂ ಹೋಗಿಬರುತ್ತಾರೆ. ಎದುರಿನಿಂದ ಬರುವ ಅಪರಿಚಿತ ಸೈಕಲ್ ಸವಾರನಿಗೆ ಕೈಯೆತ್ತಿ ವಂದಿಸಬೇಕೇ ಬೇಡವೇ ಎಂಬ ಚರ್ಚೆ ಅವರೊಳಗೆ ನಡೆಯುತ್ತಿರುತ್ತದೆ. ಅದು ಸವಾರರ ಸೌಜನ್ಯವೆಂದು ಕೆಲವರೂ, ಹೊರದೇಶದಿಂದ ಬಂದ ಒಣ ಶೋಕಿಯೆಂದು ಇನ್ನು ಕೆಲವರೂ ವಾದಿಸುತ್ತಾರೆ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಜೀವನ ಸವೆಸಿದ ನನಗೆ ಈ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಚಿಕ್ಕದೆನಿಸುವುದಿಲ್ಲ. ರಸ್ತೆಯಲ್ಲಿ ಯಾರು ಯಾರಿಗೆ ವಂದಿಸಿದರು, ಯಾರು ಯಾರನ್ನು ಕಂಡು ಇಳಿದರು ಎಂಬುದನ್ನು ಹಿಂಬಾಲಿಸಿದರೆ ಎರಡು ಶತಮಾನಗಳ ಸಮಾಜ ಚರಿತ್ರೆಯೇ ಕಣ್ಣಮುಂದೆ ಬರುತ್ತದೆ. ಉತ್ತರವನ್ನೂ ಆ ಚರಿತ್ರೆಯಲ್ಲಿಯೇ ಹುಡುಕುವುದು ಉಚಿತವೆಂದು ತೋರುತ್ತದೆ.

1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಚಕ್ರಗಳ ಮರದ ಯಂತ್ರವೊಂದರ ಮೇಲೆ ಕುಳಿತು, ಕಾಲುಗಳಿಂದ ನೆಲವನ್ನು ಒದೆಯುತ್ತಾ ಊರ ಹೊರಗಿನವರೆಗೆ ಹೋಗಿಬಂದನು. ಇಂದಿನ ಸೈಕಲ್ಲಿನ ಮೂಲಪುರುಷ ಇದೇ. ಪೆಡಲು ಸೇರಿದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮುಂದಿನ ಚಕ್ರ ಆಳೆತ್ತರಕ್ಕೆ ಬೆಳೆದು, ಹಿಂದಿನದು ತಟ್ಟೆಯಷ್ಟಾಗಿ, ನಾವು ಹಳೆಯ ಚಿತ್ರಗಳಲ್ಲಿ ಕಾಣುವ ವಿಚಿತ್ರ ವಾಹನ ಪ್ರಸಿದ್ಧವಾಯಿತು. ಅದನ್ನು ಏರುವುದು ಒಂದು ಸಾಹಸ, ಇಳಿಯುವುದು ಇನ್ನೊಂದು ಸಾಹಸ. ಕೊಳ್ಳಲು ಹಣವೂ ಬೇಕು, ಕಲಿಯಲು ಬಿಡುವೂ ಬೇಕು. ಆದ್ದರಿಂದ ಅದು ಅನುಕೂಲಸ್ಥ ಯುವಕರ ವಾಹನವಾಗಿಯೇ ಉಳಿಯಿತು.

ರಸ್ತೆ ಈ ಹೊಸಬರನ್ನು ಪ್ರೀತಿಯಿಂದ ಸ್ವಾಗತಿಸಲಿಲ್ಲ. ಕುದುರೆಗಳು ಬೆದರುತ್ತವೆಂದು ಗಾಡಿಯವರಿಗೆ ಸಿಟ್ಟು. ಹುಡುಗರಿಗೆ ಚಕ್ರದ ಕಡ್ಡಿಗಳ ನಡುವೆ ಕೋಲು ತೂರಿಸುವ ಆಟ. 1876ರಲ್ಲಿ ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್‌ನ ಕುದುರೆ ಕೋಚೊಂದರ ಸಾರಥಿ ಸೈಕಲ್ ಸವಾರನೊಬ್ಬನನ್ನು ಚಾವಟಿಯಿಂದ ಹೊಡೆದನು. ಜೊತೆಯಲ್ಲಿದ್ದ ಕಾವಲಿನವನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಚಕ್ರದೊಳಕ್ಕೆ ಎಸೆದು ಅವನನ್ನು ಕೆಡವಿದನು. ಇಂತಹ ದಾರಿಯಲ್ಲಿ ಒಂಟಿಯಾಗಿ ಹೋಗುವವನಿಗೆ ಎದುರಿನಿಂದ ಇನ್ನೊಬ್ಬ ಸವಾರ ಬಂದರೆ ಹೇಗಾಗಿರಬೇಕು, ಊಹಿಸಿಕೊಳ್ಳಿ. ಪರಸ್ಪರ ವಂದನೆ ಅಲ್ಲಿ ಬರಿಯ ಶಿಷ್ಟಾಚಾರವಾಗಿರಲಿಲ್ಲ. ‘ನೀನು ಒಬ್ಬನೇ ಅಲ್ಲ’ ಎಂಬ ಅಭಯವೂ, ‘ಮುಂದೆ ದಾರಿ ಹೇಗಿದೆ?’ ಎಂಬ ವಿಚಾರಣೆಯೂ ಅದರಲ್ಲಿ ಸೇರಿತ್ತು.

ಹೀಗಾಗಿ ಸವಾರರು ಸಂಘಗಳನ್ನು ಕಟ್ಟಿಕೊಂಡರು. 1878ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್ ಪಟ್ಟಣದಲ್ಲಿ ಪ್ರವಾಸೀ ಸವಾರರ ಸಂಘವೊಂದು ಹುಟ್ಟಿತು. 1883ರಿಂದ ಅದಕ್ಕೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂಬ ಹೆಸರು ಬಂದಿತು. ರೆಕ್ಕೆಯುಳ್ಳ ಚಕ್ರ ಅದರ ಲಾಂಛನ. ಆ ಲಾಂಛನವಿದ್ದ ವಸತಿಗೃಹಗಳಲ್ಲಿ ಸದಸ್ಯರಿಗೆ ರಿಯಾಯಿತಿ. ಕಡಿದಾದ ಇಳಿಜಾರುಗಳ ಬಳಿ ಸವಾರರಿಗೆ ಎಚ್ಚರಿಕೆಯ ಫಲಕಗಳು. ಸ್ಥಳೀಯ ಸಂಘಗಳಲ್ಲಂತೂ ಸೈನ್ಯದ ಶಿಸ್ತೇ ನಡೆಯುತ್ತಿತ್ತು. ಸಮವಸ್ತ್ರ, ಟೋಪಿ, ಮುಂದೆ ನಾಯಕ, ಜೊತೆಗೆ ಕಹಳೆಯವನು. ಏರು, ಇಳಿ, ಸಾಲಾಗಿ ಬಾ ಎಂಬ ಆಜ್ಞೆಗಳೆಲ್ಲವೂ ಕಹಳೆಯ ದನಿಯಲ್ಲಿಯೇ. 1888ರಲ್ಲಿ ಇಂಗ್ಲೆಂಡಿನ ಕಾನೂನು ಸೈಕಲ್ಲನ್ನೂ ಒಂದು ಗಾಡಿಯೆಂದು ಅಂಗೀಕರಿಸಿ, ಮುಂದಿರುವವರನ್ನು ದಾಟಿ ಹೋಗುವಾಗ ಗಂಟೆಯಿಂದಲೋ ಸಿಳ್ಳಿನಿಂದಲೋ ಎಚ್ಚರಿಸಬೇಕೆಂದು ವಿಧಿಸಿತು. ಇಂದು ನಮ್ಮ ಸೈಕಲ್ಲಿನ ಹಿಡಿಯ ಮೇಲೆ ಟ್ರಿಣ್ ಎನ್ನುವ ಗಂಟೆಗೆ ಇಷ್ಟು ಹಿಂದಿನ ಹಿನ್ನೆಲೆಯಿದೆ.

1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮನಾಗಿರುವ, ಚೈನಿನಿಂದ ಹಿಂದಿನ ಚಕ್ರ ತಿರುಗುವ ‘ರೋವರ್’ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರು ಬಂದಿತು. ಕಾಲು ನೆಲಕ್ಕೆ ಎಟಕುವಂತಾಯಿತು, ಬೆಲೆಯೂ ಕ್ರಮೇಣ ಇಳಿಯಿತು. ಕಾರ್ಖಾನೆಯ ಕೆಲಸಗಾರರೂ ಮಹಿಳೆಯರೂ ಸೈಕಲ್ ಏರಿದರು. 1899ರ ಹೊತ್ತಿಗೆ ಟೂರಿಂಗ್ ಕ್ಲಬ್ಬಿನ ಸದಸ್ಯರ ಸಂಖ್ಯೆ 60,000ವನ್ನು ದಾಟಿತ್ತು. ನಮ್ಮ ಪ್ರಶ್ನೆ ನಿಜವಾಗಿ ಕುತೂಹಲಕರವಾಗುವುದು ಇಲ್ಲಿಂದ. ಸವಾರರು ಕೆಲವರೇ ಇದ್ದಾಗ, ಅವರೆಲ್ಲರೂ ಒಂದೇ ವರ್ಗದವರಾಗಿದ್ದಾಗ, ವಂದನೆ ಸುಲಭವಾಗಿತ್ತು. ಎಲ್ಲ ವರ್ಗದವರೂ ಸೈಕಲ್ ಏರಿದ ಮೇಲೆ ವಂದನೆಯೇ ಒಡೆದು ಹೋಳಾಯಿತು.

ಜರ್ಮನಿಯನ್ನು ನೋಡಿ. ಅಲ್ಲಿ 1884ರಲ್ಲಿ ಸ್ಥಾಪನೆಯಾದ ಸವಾರರ ಒಕ್ಕೂಟದವರು ದಾರಿಯಲ್ಲಿ ಎದುರಾದಾಗ ‘ಆಲ್ ಹೈಲ್’ ಎನ್ನುತ್ತಿದ್ದರು. ‘ಸರ್ವರಿಗೂ ಕ್ಷೇಮ’ ಎಂದು ಅದರ ಭಾವ. ಮಾತೇನೋ ಸರ್ವರಿಗೂ ಎಂದಿತು, ಆದರೆ ಆ ಸಂಘಗಳು ಬಹುಮಟ್ಟಿಗೆ ಉಳ್ಳವರ ಸಂಘಗಳಾಗಿದ್ದವು. 1896ರಲ್ಲಿ ಓಫೆನ್‌ಬಾಖ್‌ನಲ್ಲಿ ಕಾರ್ಮಿಕ ಸವಾರರು ‘ಸಾಲಿಡಾರಿಟೇಟ್’, ಅಂದರೆ ‘ಒಗ್ಗಟ್ಟು’, ಎಂಬ ತಮ್ಮದೇ ಒಕ್ಕೂಟವನ್ನು ಕಟ್ಟಿದಾಗ, ವಂದನೆಯನ್ನೂ ಬೇರೆಯಾಗಿ ಇಟ್ಟುಕೊಂಡರು. ಅವರದು ‘ಫ್ರಿಶ್ ಔಫ್’. ‘ಹುರುಪಿನಿಂದ ಮುಂದೆ ನಡೆ’ ಎಂದಂತೆ. ಒಂದೇ ರಸ್ತೆಯಲ್ಲಿ ಎದುರುಬದುರಾದ ಇಬ್ಬರು ಸವಾರರು ಯಾರ ಪಕ್ಷದವರೆಂಬುದು ಬಾಯಿ ತೆರೆದ ಕೂಡಲೇ ತಿಳಿದುಹೋಗುತ್ತಿತ್ತು. ಆ ಕಾರ್ಮಿಕರ ಒಕ್ಕೂಟವು ಮುಂದೆ ಲಕ್ಷಗಟ್ಟಲೆ ಸದಸ್ಯರನ್ನು ಪಡೆದು, ‘ಫ್ರಿಶ್ ಔಫ್’ ಎಂಬ ಹೆಸರಿನಲ್ಲಿಯೇ ಸಹಕಾರಿ ಸೈಕಲ್ ಕಾರ್ಖಾನೆಯನ್ನೂ ನಡೆಸಿತು. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಅದನ್ನು ನಿಷೇಧಿಸಿ ಆಸ್ತಿಯನ್ನು ವಶಪಡಿಸಿಕೊಂಡರು. ದೇಶಕ್ಕೆಲ್ಲ ಒಂದೇ ವಂದನೆಯನ್ನು ಹೇರಲು ಹೊರಟವರಿಗೆ ಕಾರ್ಮಿಕರು ತಮ್ಮ ತಮ್ಮೊಳಗೆ ಹೇಳಿಕೊಳ್ಳುವ ಬೇರೊಂದು ವಂದನೆ ಸಹ್ಯವಾಗುವುದು ಹೇಗೆ?

ಇಂಗ್ಲೆಂಡಿನಲ್ಲಿಯೂ 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಸಮಾಜವಾದಿ ಯುವಕರು ‘ಕ್ಲೇರಿಯನ್’ ಎಂಬ ಪತ್ರಿಕೆಯ ಹೆಸರಿನಲ್ಲಿ ಸೈಕಲ್ ಸಂಘವನ್ನು ಸ್ಥಾಪಿಸಿದರು. ಭಾನುವಾರಗಳಲ್ಲಿ ಹಳ್ಳಿಗಳಿಗೆ ಹೋಗಿ ಪತ್ರಿಕೆ, ಕರಪತ್ರಗಳನ್ನು ಹಂಚುವುದು ಅವರ ಹವ್ಯಾಸ. ಅವರ ವಂದನೆ ತಮಾಷೆಯಾಗಿದೆ. ಒಬ್ಬನು ‘ಬೂಟ್ಸ್!’ ಎಂದು ಕೂಗಿದರೆ ಎದುರಿನವನು ‘ಸ್ಪರ್ಸ್!’ ಎಂದು ಉತ್ತರಿಸಬೇಕು. ಮೊದಲನೆಯದು ಬೂಟು, ಎರಡನೆಯದು ಕುದುರೆ ಸವಾರನ ಹಿಮ್ಮಡಿಯ ಮುಳ್ಳು. ಕುದುರೆಯೇ ಇಲ್ಲದ ಬಡ ಕೆಲಸಗಾರರು ಹೀಗೆ ಕುದುರೆ ಸವಾರರ ಮಾತಾಡುತ್ತಾ ನಗುತ್ತಾ ಹೋಗುವುದನ್ನು ನೆನೆದರೆ ನನಗೂ ನಗು ಬರುತ್ತದೆ. ವಾರವೆಲ್ಲ ಮೇಸ್ತ್ರಿಯ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದವರು ಭಾನುವಾರ ಟೋಪಿ ತೆಗೆಯದೆ ತಮ್ಮ ಸರೀಕರನ್ನು ಕೂಗಿ ಮಾತನಾಡಿಸುತ್ತಿದ್ದರು.

ಇದೇ ಕಾಲದ ಅಮೆರಿಕದ ಕಥೆ ನಗು ತರಿಸುವಂತಹುದಲ್ಲ. 1880ರಲ್ಲಿ ಹುಟ್ಟಿದ ‘ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್’ ಒಳ್ಳೆಯ ರಸ್ತೆಗಳಿಗಾಗಿ ಹೋರಾಡಿ ಹೆಸರು ಪಡೆದ ಸಂಸ್ಥೆ. ಅದೇ ಸಂಸ್ಥೆ 1894ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಸಭೆ ಸೇರಿ, ಬಿಳಿಯರು ಮಾತ್ರ ಸದಸ್ಯರಾಗಬಹುದೆಂದು ನಿಯಮ ಮಾಡಿತು. ಬಾಸ್ಟನ್ನಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಕಿಟ್ಟಿ ನಾಕ್ಸ್ ಎಂಬ ಯುವತಿ ಅದಕ್ಕೆ ಮುಂಚೆಯೇ, 1893ರಲ್ಲಿ, ಸದಸ್ಯೆಯಾಗಿದ್ದಳು. ಅವಳ ತಂದೆ ಕರಿಯ, ತಾಯಿ ಬಿಳಿಯಳು. 1895ರಲ್ಲಿ ಆಸ್ಬರಿ ಪಾರ್ಕ್‌ನ ಸಮಾವೇಶಕ್ಕೆ ಅವಳು ಹೋದಾಗ ಅವಳ ಸದಸ್ಯತ್ವದ ಕಾರ್ಡನ್ನು ಮನ್ನಿಸಲಿಲ್ಲವೆಂದು ಅಂದಿನ ಕೆಲವು ಪತ್ರಿಕೆಗಳು ಬರೆದವು. ನಿಯಮಕ್ಕಿಂತ ಮೊದಲೇ ಸೇರಿದವಳಾದ್ದರಿಂದ ಅವಳು ಸದಸ್ಯೆಯೇ ಎಂದು ಸಂಸ್ಥೆ ಆಮೇಲೆ ಒಪ್ಪಬೇಕಾಯಿತು. 1899ರಲ್ಲಿ ಮಾರ್ಷಲ್ ಟೇಲರ್ ಎಂಬ ಕರಿಯ ಸವಾರನು ಮಾಂಟ್ರಿಯಲ್‌ನಲ್ಲಿ ಒಂದು ಮೈಲಿಯ ಓಟವನ್ನು ಗೆದ್ದು ಜಗತ್ತಿನ ಚಾಂಪಿಯನ್ ಆದನು. ಜಗತ್ತನ್ನೇ ಗೆದ್ದವನಿಗೆ ಸ್ವದೇಶದ ಸವಾರರ ಸಂಘದಲ್ಲಿ ಸ್ಥಾನವಿರಲಿಲ್ಲ. ಆ ನಿಯಮವನ್ನು ಸಂಸ್ಥೆಯ ಉತ್ತರಾಧಿಕಾರಿಗಳು ವಿಧ್ಯುಕ್ತವಾಗಿ ತಿರಸ್ಕರಿಸಿದ್ದು 1999ರಲ್ಲಿ. ಒಂದು ಕಡೆ ಸವಾರರೆಲ್ಲರೂ ಬಂಧುಗಳೆನ್ನುವುದು, ಇನ್ನೊಂದು ಕಡೆ ಬಂಧುಗಳಾರೆಂಬುದನ್ನು ಮೈಬಣ್ಣದಿಂದ ನಿರ್ಧರಿಸುವುದು!

ಇನ್ನು ನಮ್ಮ ನಾಡಿಗೆ ಬರೋಣ. ಮೇಲೆ ಹೇಳಿದ ದೇಶಗಳಲ್ಲಿ ಪ್ರಶ್ನೆಯಿದ್ದುದು ಯಾರು ಯಾರಿಗೆ ಕೈಯೆತ್ತಬೇಕು ಎಂಬುದು. ನಮ್ಮಲ್ಲಿ ಅದಕ್ಕಿಂತ ಹಿಂದಿನ ಪ್ರಶ್ನೆಯೊಂದಿತ್ತು: ಯಾರು ಯಾರ ಎದುರು ಸೈಕಲ್ಲಿನ ಮೇಲೆ ಕುಳಿತಿರಬಹುದು?

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸೈಕಲ್ ಭಾರತಕ್ಕೆ ಬಂದಿತು. ಮೊದಮೊದಲು ಅಧಿಕಾರಿಗಳು, ಪಟ್ಟಣದ ಸ್ಥಿತಿವಂತರು ಅದನ್ನು ತುಳಿದರು. ಸ್ವಾತಂತ್ರ್ಯದ ಮೇಲೆ ನಮ್ಮಲ್ಲಿಯೇ ತಯಾರಿಕೆ ಹೆಚ್ಚಿತು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿಯೂ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಆರಂಭವಾದವು. ಶಾಲಾ ಮಾಸ್ತರರು, ಅಂಚೆಯವರು, ಹಾಲಿನವರು, ಗುಮಾಸ್ತರು ಎಲ್ಲರ ಬದುಕಿಗೂ ಸೈಕಲ್ ಸೇರಿಕೊಂಡಿತು. ಪುರಸಭೆಗೆ ವರ್ಷವರ್ಷವೂ ತೆರಿಗೆ ಕಟ್ಟಿ ಲೈಸೆನ್ಸಿನ ಬಿಲ್ಲೆ ಪಡೆಯುವುದು, ರಾತ್ರಿ ದೀಪವಿಲ್ಲದೆ ಹೋದರೆ, ಡಬ್ಬಲ್ ಹೋದರೆ ಪೊಲೀಸರಿಗೆ ಸಿಕ್ಕಿಬೀಳುವುದು, ಒಳಪೆಡಲು ಹೊಡೆದು ಮಂಡಿ ಕೆತ್ತಿಕೊಳ್ಳುವುದು, ಇವೆಲ್ಲ ನನ್ನ ವಯಸ್ಸಿನವರಿಗೆ ಹೇಳಬೇಕಾದುದೇ ಇಲ್ಲ.

ಆದರೆ ಹೇಳಲೇಬೇಕಾದುದು ಒಂದಿದೆ. ನಾನು ಬಾಲಕನಾಗಿದ್ದಾಗ ನಮ್ಮೂರಿನ ಕೇರಿಯಿಂದ ಒಬ್ಬರು ತಾಲ್ಲೂಕು ಕಚೇರಿಯ ಜವಾನರ ಕೆಲಸಕ್ಕೆ ಹೋಗುತ್ತಿದ್ದರು. ಸಂಬಳ ಕೂಡಿಸಿ ಹಳೆಯ ಸೈಕಲ್ಲೊಂದನ್ನು ಕೊಂಡಿದ್ದರು. ಪ್ರತಿದಿನ ಎಣ್ಣೆಬಟ್ಟೆಯಿಂದ ಒರೆಸಿ ಹೊಳೆಯುವಂತೆ ಇಟ್ಟಿದ್ದರು. ಬೆಳಗ್ಗೆ ಅವರು ಕೇರಿಯಿಂದ ತುಳಿದುಕೊಂಡು ಬಂದು, ಅರಳಿಕಟ್ಟೆ ಹತ್ತಿರವಾಗುತ್ತಲೇ ಇಳಿಯುತ್ತಿದ್ದರು. ಊರ ನಡುವಣ ಬೀದಿಯುದ್ದಕ್ಕೂ ಸೈಕಲ್ಲನ್ನು ತಳ್ಳಿಕೊಂಡು ನಡೆದು, ಕೊನೆಯ ಮನೆ ದಾಟಿ ಕಣದ ಬಳಿಗೆ ಬಂದ ಮೇಲೆ ಮತ್ತೆ ಏರುತ್ತಿದ್ದರು. ಸಂಜೆ ಬರುವಾಗಲೂ ಅಷ್ಟೇ. ಸೈಕಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ. ಜಗಲಿಯ ಮೇಲೆ ಕುಳಿತ, ಅವರ ಮಗನಷ್ಟು ವಯಸ್ಸಿನವರು ‘ಏನೋ, ಕಚೇರಿಗೋ?’ ಎಂದು ಏಕವಚನದಲ್ಲಿ ಕೇಳುವರು. ಅವರು ‘ಹೌದು ಬುದ್ಧಿ’ ಎಂದು ತಲೆಬಾಗಿಸಿ ಮುಂದೆ ಹೋಗುವರು. ಸರ್ಕಾರದ ಕೆಲಸ ಅವರಿಗೆ ಸಂಬಳ ಕೊಟ್ಟಿತ್ತು, ಸಂಬಳ ಸೈಕಲ್ ಕೊಟ್ಟಿತ್ತು; ಆ ಇನ್ನೂರು ಗಜ ಬೀದಿಯನ್ನು ಮಾತ್ರ ಎರಡೂ ಕೊಡಲಾಗಲಿಲ್ಲ.

ಇದು ನಮ್ಮೂರೊಂದರ ವಿಚಿತ್ರವೇನೂ ಅಲ್ಲ. ದೇಶದ ಹಲವೆಡೆ ದಲಿತರು ಮೇಲ್ಜಾತಿಯವರ ಬೀದಿಗಳಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸೈಕಲ್ಲಿನಿಂದ ಇಳಿದು ನಡೆಯಬೇಕಾಗಿತ್ತು. ದಾರಿಯ ಮೇಲೆ ವಾಹನ ಏರುವ ಹಕ್ಕಿಗಾಗಿ ನಡೆದ ಹೋರಾಟ ಹಳೆಯದು. 1893ರಲ್ಲಿ ತಿರುವಾಂಕೂರಿನ ಅಯ್ಯಂಕಾಳಿಯವರು ಒಳ್ಳೆಯ ಬಟ್ಟೆ, ತಲೆಗೆ ರುಮಾಲು ಧರಿಸಿ, ಎತ್ತಿನ ಗಾಡಿಯಲ್ಲಿ ಕುಳಿತು ತಮಗೆ ನಿಷಿದ್ಧವಾಗಿದ್ದ ಸಾರ್ವಜನಿಕ ರಸ್ತೆಯಲ್ಲಿ ಸಾಗಿದರು. ಅದೇ ವರ್ಷಗಳಲ್ಲಿ ಇಂಗ್ಲೆಂಡು ಜರ್ಮನಿಗಳ ಕಾರ್ಮಿಕರು ತಮ್ಮ ಸೈಕಲ್ ಸಂಘಗಳನ್ನು ಕಟ್ಟುತ್ತಿದ್ದರೆಂಬುದನ್ನು ಗಮನಿಸಿ. ಅಲ್ಲಿ ವಂದನೆಯ ಮಾತಿಗಾಗಿ ಪೈಪೋಟಿ. ಇಲ್ಲಿ ರಸ್ತೆಗಾಗಿಯೇ ಹೋರಾಟ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರಲ್ಲಿ ಅದನ್ನು ಶಿಕ್ಷಾರ್ಹಗೊಳಿಸುವ ಕಾನೂನು ಬಂದಿತು. 1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ ಅಧಿನಿಯಮ ಬಂದಿತು. ನಾನು ತರಗತಿಯಲ್ಲಿ ಈ ಕಾನೂನುಗಳನ್ನು ಇಸವಿಗಳ ಸಹಿತ ಬಾಯಿಪಾಠ ಮಾಡಿಸಿದ್ದೇನೆ, ನಿಮಗೆ ನೆನಪಿರಬೇಕು. ಆದರೆ 2015ರಲ್ಲಿ ಈ ಕೊನೆಯ ಅಧಿನಿಯಮಕ್ಕೆ ಆದ ತಿದ್ದುಪಡಿ ನಿಮ್ಮಲ್ಲಿ ಬಹಳ ಮಂದಿಗೆ ತಿಳಿದಿರಲಾರದು. 2016ರ ಜನವರಿ 26ರಿಂದ ಜಾರಿಗೆ ಬಂದ ಆ ತಿದ್ದುಪಡಿಯಲ್ಲಿ, ದಲಿತರು ಅಥವಾ ಆದಿವಾಸಿಗಳು ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಏರುವುದನ್ನು, ಪಾದರಕ್ಷೆ ಅಥವಾ ಹೊಸ ಬಟ್ಟೆ ಧರಿಸುವುದನ್ನು, ಮದುವೆಯ ಮೆರವಣಿಗೆ ಹೊರಡಿಸುವುದನ್ನು ತಡೆಯುವುದು ಅಪರಾಧವೆಂದು ಸ್ಪಷ್ಟವಾಗಿ ಬರೆಯಲಾಗಿದೆ. ಸ್ವಾತಂತ್ರ್ಯ ಬಂದು 68 ವರ್ಷಗಳಾದ ಮೇಲೆ ದೇಶದ ಸಂಸತ್ತು ‘ಸೈಕಲ್’ ಎಂಬ ಪದವನ್ನು ಹೀಗೆ ಕಾನೂನಿನಲ್ಲಿ ಬರೆಯಬೇಕಾಯಿತೆಂದರೆ, ಅದರ ಅಗತ್ಯ ಅಲ್ಲಿಯವರೆಗೂ ಉಳಿದಿತ್ತೆಂದೇ ಅರ್ಥ. ಸೈಕಲ್ಲಿನ ಮೇಲಿನ ನಮಸ್ಕಾರದ ವಿಷಯವನ್ನು ನಾನು ಲಘುವಾಗಿ ಕಾಣದಿರುವುದಕ್ಕೆ ಈ ಒಂದು ಪದವೇ ಸಾಕು.

ಇಲ್ಲಿ ನಿಮ್ಮಲ್ಲಿ ಒಬ್ಬರಾದರೂ ಒಂದು ಆಕ್ಷೇಪ ಎತ್ತುವಿರೆಂದು ಬಲ್ಲೆ. ‘ಸಾರ್, ನಿಮ್ಮನ್ನು ಕಂಡಾಗ ನಾವೂ ಸೈಕಲ್ಲಿನಿಂದ ಇಳಿಯುತ್ತಿದ್ದೆವಲ್ಲ, ಅದೂ ತಪ್ಪೇ?’ ಮೇಷ್ಟ್ರು ಎದುರಾದರೆ ಇಳಿದು ನಿಂತು ನಮಸ್ಕರಿಸುವುದು ನಮ್ಮ ಪ್ರಾಂತ್ಯದಲ್ಲಿ ಬಹು ಕಾಲದಿಂದ ಬಂದ ಸಂಪ್ರದಾಯ. ನಾನೂ ನನ್ನ ಗುರುಗಳನ್ನು ಕಂಡು ಇಳಿದವನೇ. ಗಣಿತದ ಮೇಷ್ಟ್ರು ಬರುವುದನ್ನು ದೂರದಿಂದ ಕಂಡು, ಇಳಿಯುವ ಕಷ್ಟ ಬೇಡವೆಂದು ಪಕ್ಕದ ಓಣಿಗೆ ತಿರುಗಿಸಿದವರೂ ನಮ್ಮಲ್ಲಿದ್ದರು. ಅಪ್ಪನ ಎತ್ತರದ ಸೈಕಲ್ಲು, ಕ್ಯಾರಿಯರಿನಲ್ಲಿ ಪುಸ್ತಕ, ಹಿಡಿಯಲ್ಲಿ ತೂಗುಹಾಕಿದ ಊಟದ ಡಬ್ಬಿ. ಇವುಗಳೊಡನೆ ತಟಕ್ಕನೆ ಇಳಿಯುವುದು ಸಣ್ಣ ಮಕ್ಕಳಿಗೆ ಸುಲಭವೇ? ನಾನು ಅಧ್ಯಾಪಕನಾದ ಮೊದಲ ವರ್ಷಗಳಲ್ಲಿಯೇ ಒಮ್ಮೆ, ನನ್ನನ್ನು ಕಂಡು ಒಬ್ಬನು ಹಠಾತ್ತಾಗಿ ಇಳಿದನು. ಹಿಂದಿದ್ದವನು ಅವನಿಗೆ ಡಿಕ್ಕಿ ಹೊಡೆದನು. ಇಬ್ಬರ ಚಿತ್ರಾನ್ನವೂ ರಸ್ತೆಯ ಪಾಲಾಯಿತು. ಅದರ ಮರುದಿನವೇ ಪ್ರಾರ್ಥನೆಯ ಬಳಿಕ ನಾನು ಹೇಳಿದ ಮಾತು ನಿಮ್ಮಲ್ಲಿ ಹಿರಿಯ ತಂಡದವರಿಗೆ ನೆನಪಿರಬಹುದು: ‘ಇಳಿಯಬೇಡಿ, ಗಂಟೆ ಬಾರಿಸಿ ಹೋಗಿ.’ ಆಮೇಲೆ ನಾನು ಶಾಲೆಯಿಂದ ಮನೆಗೆ ನಡೆಯುವ ದಾರಿಯುದ್ದಕ್ಕೂ ಟ್ರಿಣ್ ಟ್ರಿಣ್ ಎಂಬ ನಾದ ಕೇಳುತ್ತಿತ್ತು. ಜಾತ್ರೆಯ ತೇರು ನಾನೇ ಆದಂತಿತ್ತು!

ಶಿಷ್ಯನು ಗುರುವನ್ನು ಕಂಡು ಇಳಿಯುವುದಕ್ಕೂ ಆ ಜವಾನರು ಬೀದಿಯನ್ನು ಕಂಡು ಇಳಿಯುವುದಕ್ಕೂ ಭೂಮ್ಯಾಕಾಶದ ಅಂತರವಿದೆ. ಶಿಷ್ಯನು ನಾಳೆ ತಾನೂ ಗುರುವಾಗಬಲ್ಲನು. ಇಳಿಯಲು ಮರೆತರೆ ಅವನಿಗೆ ಆಗುವುದು ಹೆಚ್ಚೆಂದರೆ ಒಂದು ಗದರಿಕೆ. ಅವರಿಗೆ ಆ ಎರಡರಲ್ಲಿ ಒಂದೂ ಇರಲಿಲ್ಲ. ಇಷ್ಟಾದರೂ ನಾನು ಇಳಿಯಬೇಡಿರೆಂದೇ ಹೇಳಿದೆ. ಏಕೆಂದರೆ ಕಣ್ಣಿಗೆ ಕಾಣುವ ಆಚರಣೆ ಎರಡರಲ್ಲಿಯೂ ಒಂದೇ. ಇಳಿಯುವುದೇ ಗೌರವದ ಗುರುತೆಂದು ಮಕ್ಕಳ ಮೈಗೆ ರೂಢಿಯಾದರೆ, ಇಳಿಯದವನು ಅಹಂಕಾರಿ ಎಂಬ ಭಾವನೆಯೂ ಅದರ ಹಿಂದೆಯೇ ಬರುತ್ತದೆ. ಬೀದಿಯ ಜಗಲಿಯಲ್ಲಿ ಕುಳಿತವರು ಹೇಳುತ್ತಿದ್ದುದೂ ಅದನ್ನೇ ಅಲ್ಲವೇ: ‘ಅವನಿಗೆ ಸೊಕ್ಕು ಬಂದಿದೆ.’

ವಂದನೆ ಎಂತಿರಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಜನಜನಿತವಾದ ಒಂದು ಕಥೆಯಿದೆ. ಅದೂ ದಾರಿಯಲ್ಲಿ ನಡೆದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚರ್ಮದ ಕಾಯಕದ ಹರಳಯ್ಯನವರು ಎದುರಿಗೆ ಬಂದ ಬಸವಣ್ಣನವರಿಗೆ ‘ಶರಣು’ ಎಂದರಂತೆ. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದರಂತೆ. ತಾನು ಕೊಟ್ಟದ್ದು ಒಂದು, ಬಂದದ್ದು ಎರಡು. ಈ ಹೆಚ್ಚಿನ ವಂದನೆಯ ಋಣವನ್ನು ಹೇಗೆ ತೀರಿಸಲೆಂದು ಹರಳಯ್ಯನವರು ಕಳವಳಗೊಂಡರೆಂದು ಕಥೆ ಮುಂದುವರಿಯುತ್ತದೆ. ಮುಂದಿನ ಭಾಗ ನಿಮಗೆಲ್ಲ ಗೊತ್ತು. ನಾನು ಇಲ್ಲಿ ಗಮನಿಸುವುದು ಮೊದಲ ಭಾಗವನ್ನು. ರಾಜ್ಯದ ಮಂತ್ರಿ ದಾರಿಯಲ್ಲಿ ನಿಂತು, ಲೋಕ ಕೆಳಗೆಂದು ಬಗೆದವನ ವಂದನೆಗೆ ಒಂದು ಮಾತು ಹೆಚ್ಚು ಸೇರಿಸಿ ಮರಳಿಸಿದರೆಂಬುದನ್ನು ಎಂಟು ನೂರು ವರ್ಷಗಳಿಂದ ನಮ್ಮ ಜನ ಮರೆತಿಲ್ಲ. ವಂದನೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವ ಸಮಾಜದಲ್ಲಿ ಅದು ಅಷ್ಟು ದೊಡ್ಡ ಘಟನೆಯಾಗಿತ್ತು.

ಇನ್ನೊಂದು ಆಕ್ಷೇಪವೂ ಇದೆ, ಅದು ಹೆಚ್ಚು ತೂಕದ್ದು. ಎಲ್ಲರೂ ಸೈಕಲ್ ತುಳಿಯುವ ಕಡೆ ಯಾರೂ ಯಾರಿಗೂ ವಂದಿಸುವುದಿಲ್ಲ. ನೆದರ್ಲೆಂಡ್ಸ್ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು, ಸುಮಾರು 1.8 ಕೋಟಿ ಜನರಿಗೆ 2.3 ಕೋಟಿ ಸೈಕಲ್ಲುಗಳೆಂದು ಲೆಕ್ಕ. ಅಲ್ಲಿ ಕಂಡ ಸವಾರರಿಗೆಲ್ಲ ಕೈಯೆತ್ತುತ್ತಾ ಹೋದರೆ ಕಚೇರಿ ಸೇರುವುದು ಯಾವಾಗ? ನಮ್ಮ ಊರುಗಳಲ್ಲಿಯೂ 1970ರ ದಶಕದಲ್ಲಿ ಶಾಲೆ, ಕಚೇರಿ, ಕಾರ್ಖಾನೆ ಬಿಡುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲುಗಳೇ. ಆಗ ಪರಿಚಿತರನ್ನು ಪರಿಚಯದ ಕಾರಣದಿಂದ ಮಾತನಾಡಿಸುತ್ತಿದ್ದೆವೇ ಹೊರತು ಸೈಕಲ್ಲಿನ ಕಾರಣದಿಂದಲ್ಲ. ಹೀಗಿರುವಾಗ, ಸವಾರರ ವಂದನೆಯೆಂಬುದು ಅಲ್ಪಸಂಖ್ಯಾತರಾದವರ ಗುರುತು ಮಾತ್ರವೇ? ಬಹುಮಟ್ಟಿಗೆ ಹೌದೆಂದೇ ನಾನು ಒಪ್ಪುತ್ತೇನೆ. ಇಂದು ನಮ್ಮ ರಸ್ತೆಗಳಲ್ಲಿ ಸವಾರರು ಮತ್ತೆ ಕೆಲವರಾಗಿದ್ದಾರೆ. ಲಾರಿ, ಬಸ್ಸು, ಕಾರುಗಳ ನಡುವೆ ಅಂಚಿನಲ್ಲಿ ಅಂಜುತ್ತಾ ಸಾಗುವವರಿಗೆ 1870ರ ದಶಕದ ಒಂಟಿ ಸವಾರನ ಅವಸ್ಥೆಯೇ ಬಂದಿದೆ. ಗಾಜಿನ ಹಿಂದೆ ಕುಳಿತು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಎದುರಿನವನ ಮುಖ ಕಾಣದು, 15 ಕಿ.ಮೀ. ವೇಗದ ಸೈಕಲ್ಲಿನವನಿಗೆ ಮುಖವೂ ಕಾಣುತ್ತದೆ, ಕಣ್ಣೂ ಕಾಣುತ್ತದೆ. ಕಂಡ ಮೇಲೆ ಕಾಣದವರಂತೆ ಹೋಗುವುದು ಹೇಗೆ?

ಸವಾರಿ ಎಂಬುದು ಬರಿಯ ಸಾಗಾಟವಲ್ಲವೆಂಬುದನ್ನು ನಮ್ಮ ಹೆಣ್ಣುಮಕ್ಕಳು ತೋರಿಸಿಕೊಟ್ಟಿದ್ದಾರೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಅಕ್ಷರವೂ ಚಕ್ರವೂ ಒಟ್ಟಿಗೆ ಬಂದವು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂದಾಗ ನಾನು ಇನ್ನೂ ಸೇವೆಯಲ್ಲಿದ್ದೆ. ಬಸ್ಸಿಲ್ಲದ ಹಳ್ಳಿಗಳಿಂದ ಹುಡುಗಿಯರು ಸಾಲುಸಾಲಾಗಿ ತುಳಿದುಕೊಂಡು ಬರುವುದನ್ನು ಶಾಲೆಯ ಗೇಟಿನ ಬಳಿ ನಿಂತು ನೋಡಿದ್ದೇನೆ. ಎಲ್ಲರದೂ ಒಂದೇ ಬಣ್ಣದ, ಒಂದೇ ಎತ್ತರದ ಸೈಕಲ್ಲು. ಗೌಡರ ಮೊಮ್ಮಗಳ ಸೈಕಲ್ಲಿಗೂ ಕೇರಿಯ ಹುಡುಗಿಯ ಸೈಕಲ್ಲಿಗೂ ಗುರುತು ಸಿಗದೆ, ಬೀಗದ ಕೈಗೆ ಬಣ್ಣದ ದಾರ ಕಟ್ಟಿಕೊಳ್ಳುತ್ತಿದ್ದರು. ಅರಳಿಕಟ್ಟೆಯ ಮುಂದೆ ಅವರಲ್ಲಿ ಯಾರೂ ಇಳಿಯುತ್ತಿರಲಿಲ್ಲ. ನಾನು ಮೂರು ದಶಕಗಳಲ್ಲಿ ಪಾಠದಿಂದ ಹೇಳಲು ಪ್ರಯತ್ನಿಸಿದ್ದನ್ನು ಆ ಸಾಲು ಒಂದು ಬೆಳಗ್ಗೆಯಲ್ಲಿ ಹೇಳಿತು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಸೈಕಲ್ ಸವಾರರು ದಾರಿಯಲ್ಲಿ ಪರಸ್ಪರ ವಂದಿಸುವುದು ಒಳ್ಳೆಯದು. ಆದರೆ ಅದನ್ನು ಯಾರೂ ಯಾರಿಂದಲೂ ಕೇಳಿ ಪಡೆಯಬಾರದು. ಉತ್ತರ ಬಾರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎದುರಿನವನು ಏರಿನಲ್ಲಿ ಉಸಿರುಗಟ್ಟಿ ತುಳಿಯುತ್ತಿರಬಹುದು, ಗುಂಡಿ ತಪ್ಪಿಸುತ್ತಿರಬಹುದು. ನೀವೂ ಎರಡು ಕೈಗಳನ್ನೂ ಬಿಟ್ಟು ಮುಗಿಯಲು ಹೋಗಬೇಡಿ. ತಲೆಯನ್ನು ತುಸು ಬಾಗಿಸಿದರೆ, ಒಂದು ಬೆರಳೆತ್ತಿದರೆ, ಗಂಟೆಯನ್ನು ಮೆಲ್ಲಗೆ ಮೀಟಿದರೆ ಸಾಕು. ಇಬ್ಬರೂ ಪೀಠದ ಮೇಲೆ, ಒಂದೇ ಎತ್ತರದಲ್ಲಿ ಕುಳಿತು, ಯಾರೂ ಇಳಿಯದೆ ಕೊಟ್ಟು ಪಡೆಯುವ ಈ ನಮಸ್ಕಾರ ನಮ್ಮ ದೇಶಕ್ಕೆ ಸುಲಭವಾಗಿ ದೊರೆತದ್ದಲ್ಲ.

ಕೊನೆಯದಾಗಿ ಒಂದು ಮಾತು. ಬೆಳಗ್ಗೆ ಶಿರಸ್ತ್ರಾಣ ಧರಿಸಿ, ಸಾವಿರಾರು ರೂಪಾಯಿಗಳ ಹಗುರವಾದ ಸೈಕಲ್ಲಿನ ಮೇಲೆ ಹೋಗುವ ನನ್ನ ಮಕ್ಕಳೇ, ನೀವು ವಂದಿಸುವುದು ನಿಮ್ಮಂತೆಯೇ ಶಿರಸ್ತ್ರಾಣ ಧರಿಸಿದವರಿಗೆ ಮಾತ್ರವೇ? ಅದೇ ಹೊತ್ತಿನಲ್ಲಿ, ಅದೇ ರಸ್ತೆಯಲ್ಲಿ, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು, ಪತ್ರಿಕೆ ಹಾಕುವ ಹುಡುಗರು, ಗಾರೆ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೊರಟವರು ತುಕ್ಕು ಹಿಡಿದ ಹಳೆಯ ಸೈಕಲ್ಲುಗಳ ಮೇಲೆ ಎದುರಾಗುತ್ತಾರೆ. ಅವರಿಗೆ ಸೈಕಲ್ ವ್ಯಾಯಾಮವಲ್ಲ, ಅನ್ನದ ದಾರಿ. ಸವಾರರೆಂದರೆ ಅವರೂ ಸವಾರರೇ. ಅನುಭವದಲ್ಲಿ ನಿಮಗಿಂತ ಹಿರಿಯರು. ಅವರು ಕೈಯೆತ್ತಲೆಂದು ಕಾಯಬೇಡಿ, ನೀವೇ ಮೊದಲು ಎತ್ತಿ. ಮೊದಲ ದಿನ ಅವರು ದಾರಿ ಕೇಳುತ್ತಿದ್ದೀರೆಂದು ಭಾವಿಸಿ ನಿಲ್ಲಿಸಬಹುದು. ಎರಡನೆಯ ದಿನ ಹಿಂದೆ ತಿರುಗಿ ಯಾರಿಗೆ ಕೈ ಮಾಡಿದಿರೆಂದು ನೋಡಬಹುದು. ಮೂರನೆಯ ದಿನ ಗಂಟೆ ಬಾರಿಸಿಯಾರು.

ನಿಮ್ಮ ನಿಮ್ಮ ಸೈಕಲ್ಲಿನ ನೆನಪುಗಳಿದ್ದರೆ ಬಿಡುವು ಮಾಡಿಕೊಂಡು ನನಗೆ ಬರೆಯಿರಿ.